ಗುಂಡು ಕೂರುವ ಕುಣಿ

ಎಸ್.ಎಸ್. ಬಡಾವಣೆ, ದಾವಣಗೆರೆ
೪ ಅಕ್ಟೋಬರ್ ೨೦೨೪

ಅಪ್ಪನಿಗೆ ಆಶಾರಾಣಿಯ ನಮಸ್ಕಾರಗಳು.

ಫೋನು ಮಾಡಿದರೆ ನೀವು ನಾನು ಕೇಳದ ಪ್ರಶ್ನೆಗಳಿಗೆಲ್ಲ ಉತ್ತರ ಕೊಟ್ಟು ಇಟ್ಟುಬಿಡುತ್ತೀರಿ. ಕೂಸು ಹೇಗಿದೆ ಅಂತ ಹೇಳುತ್ತಿದ್ದರೆ, "ಹ್ಞೂಂ, ಊಟ ಆತು" ಅನ್ನುತ್ತೀರಿ. ನಿಮ್ಮ ಕಿವಿ ಅಷ್ಟರಮಟ್ಟಿಗೆ ಹೋಗಿದೆ. ಅದಕ್ಕೇ ಈ ಕಾಗದ. ಹನುಮೇಶ್ ಹೇಗೂ ದಿನಾ ಹರಿಹರದ ಲೇಥ್ ಶಾಪಿಗೆ ಬರುತ್ತಾರೆ, ಅವರ ಬುತ್ತಿ ಚೀಲದಲ್ಲಿಟ್ಟು ಕಳಿಸುತ್ತೇನೆ. ಹೆಂಡತಿ ತವರಿಗೆ ಬರೆದದ್ದನ್ನು ಬಿಚ್ಚಿ ಓದುವ ಕುತೂಹಲ ಆ ಮನುಷ್ಯನಿಗಿಲ್ಲ.

ನಿಮಗೆ ಅರ್ಧ ಗೊತ್ತಿರುವುದನ್ನು ಪೂರ್ತಿ ಬರೆಯುತ್ತೇನೆ. ಹದಿನಾಲ್ಕನೇ ವಾರದ ಸೂಜಿಗೆ ಹೋದಾಗ ರುಕ್ಸಾನಾ ಅನ್ನುವ ನರ್ಸ್ ಕೂಸನ್ನು ಬೋರಲು ಮಲಗಿಸಿ ತೊಡೆಯ ಹಿಂದಿನ ಮಡಿಕೆ ನೋಡಿದರು. ಬಲಕ್ಕೆ ಎರಡು, ಎಡಕ್ಕೆ ಮೂರು. ಮಗಳು ದುಂಡಗಾಗಿದ್ದಾಳೆ ಎಂದು ನಾನು ಹೆಮ್ಮೆಪಡುತ್ತಿದ್ದ ಮಡಿಕೆಗಳು ಅವು. ಅವರು ಎದ್ದುಹೋಗಿ ಮೂಳೆ ಡಾಕ್ಟರನ್ನು ಕರೆತಂದರು. ಸ್ಕ್ಯಾನ್ ಆಯಿತು. ಎಡ ತೊಡೆಮೂಳೆಯ ತಲೆ ಸೊಂಟದ ಕುಣಿಯಲ್ಲಿ ಕೂತಿಲ್ಲವಂತೆ, ಹೊರಗೆ ಜಾರಿದೆಯಂತೆ.

ಡಾಕ್ಟರು ನಾಲ್ಕು ಪ್ರಶ್ನೆ ಕೇಳಿದರು. ಚೊಚ್ಚಲು ಹೆಣ್ಣೇ? ಹೌದು. ಹೊಟ್ಟೆಯಲ್ಲಿ ತಲೆ ಮೇಲೆ ಮಾಡಿ ಕೂತಿತ್ತೇ? ಹೌದು, ಅದಕ್ಕೇ ಆಪರೇಷನ್ ಆದದ್ದು. ಮನೆತನದಲ್ಲಿ ಯಾರಾದರೂ ಕುಂಟುವವರಿದ್ದಾರೆಯೇ? ಯಾರೂ ಇಲ್ಲ. ಕಾಲು ನೆಟ್ಟಗೆ ಮಾಡಿ ಬಿಗಿಯಾಗಿ ಸುತ್ತಿ ಕಟ್ಟುತ್ತಿದ್ದಿರೇ? ಅದಕ್ಕೂ ಉತ್ತರ ಕೊಟ್ಟೆ.

ಈಗ ಕೂಸಿಗೆ ಭುಜದಿಂದ ಪಾದದವರೆಗೆ ಪಟ್ಟಿಗಳಿರುವ ಒಂದು ಬೆಲ್ಟು ಹಾಕಿದ್ದಾರೆ. ಎರಡೂ ಕಾಲು ಮಡಚಿ ಅಗಲ ಮಾಡಿಕೊಂಡು ಕಪ್ಪೆಯ ಹಾಗೆ ಮಲಗಿರುತ್ತಾಳೆ. ಬಿಚ್ಚುವಂತಿಲ್ಲ, ನೀರು ಎರೆಯುವಂತಿಲ್ಲ, ಒದ್ದೆ ಬಟ್ಟೆಯಲ್ಲಿ ಒರೆಸಬೇಕು. ಇಪ್ಪತ್ತೆರಡನೇ ತಾರೀಕು ಮತ್ತೆ ಸ್ಕ್ಯಾನ್. ಅಷ್ಟರಲ್ಲಿ ತೊಡೆಮೂಳೆಯ ಗುಂಡು ಕುಣಿಯ ಕಡೆ ತಿರುಗದಿದ್ದರೆ ಅರಿವಳಿಕೆ ಕೊಟ್ಟು, ಕೂರಿಸಿ, ಸೊಂಟದಿಂದ ಕಾಲಿನವರೆಗೆ ಪ್ಲಾಸ್ಟರ್ ಹಾಕಬೇಕಾಗಬಹುದು ಅಂದರು. ನಾಲ್ಕು ತಿಂಗಳೂ ತುಂಬದ ಕೂಸಿಗೆ.

ಬಿ.ಕಾಂ. ಓದಿದ ನನಗೆ ಇದೆಲ್ಲ ಕಣ್ಣಿಗೆ ಕಟ್ಟುವುದಿಲ್ಲ ಅಪ್ಪ. ಫೋನಿನಲ್ಲಿ ಹುಡುಕಿದರೆ ಎಲ್ಲವೂ ಕೆಟ್ಟದ್ದೇ ಸಿಗುತ್ತದೆ. ನಿದ್ದೆಯಂತೂ ಇಲ್ಲ, ಅವಳ ಕಾಲ್ಬೆರಳು ಬೆಚ್ಚಗಿವೆಯೇ ಎಂದು ಮುಟ್ಟಿ ನೋಡುವುದೇ ಕೆಲಸ. ನೀವು ಹೈಸ್ಕೂಲಿನ ಲ್ಯಾಬಿನಲ್ಲಿ ಅಟೆಂಡರಾಗಿ ಮೂವತ್ತು ವರ್ಷ ಅಸ್ಥಿಪಂಜರ ಒರೆಸಿದವರು. ಸೊಂಟ ಅಂದರೆ ಏನು, ಅದು ಹೇಗೆ ಕೂತಿರುತ್ತದೆ, ನನಗೆ ಬರೆದು ತಿಳಿಸಿ.

ಮನೆಯಲ್ಲಿ ಎಲ್ಲರೂ ಆರಾಮ ಇದ್ದೀರೆಂದು ನಂಬಿದ್ದೇನೆ.

ನಿಮ್ಮ
ಆಶಾ


ಹರಿಹರ
೮ ಅಕ್ಟೋಬರ್ ೨೦೨೪

ಚಿ. ಆಶಾಗೆ ಏಕಾಂತಪ್ಪನ ಆಶೀರ್ವಾದಗಳು.

ನಿನ್ನ ಕಾಗದ ಬಂದ ಮಾರನೆಯ ದಿನವೇ ಸ್ಕೂಲಿಗೆ ಹೋದೆ. ದಸರಾ ರಜೆಯಾದರೂ ಬಾಗಿಲು ತೆರೆದಿತ್ತು. ಗೊತ್ತಿರುವುದನ್ನೂ ಒಮ್ಮೆ ಕಣ್ಣಾರೆ ನೋಡಿ ಬರೆಯೋಣ ಅನಿಸಿತು. ಗುಡ್ಡಪ್ಪ ಅಲ್ಲೇ ಮೂಲೆಯಲ್ಲಿ ಕೊಕ್ಕೆಗೆ ತೂಗಾಡುತ್ತಿದ್ದಾನೆ. ಹುಡುಗರು ಆ ಪಂಜರಕ್ಕೆ ಗುಡ್ಡಪ್ಪ ಅಂತ ಹೆಸರಿಟ್ಟಿದ್ದರು, ನೆನಪಿರಬೇಕು. ವಿಜ್ಞಾನದ ಮುರುಗೇಶಪ್ಪ ಮೇಷ್ಟ್ರು ಮಾತ್ರ, ಸೊಂಟ ಅಗಲ ಇದೆ, ಇದು ಹೆಣ್ಣುಮಗಳದು ಅಂತ ಪ್ರತಿ ವರ್ಷ ಹೇಳುವರು. ಹುಡುಗರು ಪ್ರತಿ ವರ್ಷ ನಗುವರು. ತಂತಿಗಳೆಲ್ಲ ತುಕ್ಕು ಹಿಡಿದಿವೆ. ಹೊಸದಾಗಿ ಬಂದ ಮೇಡಂ ನನ್ನನ್ನು ಕಂಡು, ಬದಲಿಸಿ ಕೊಡ್ತೀರಾ ಅಂತ ಕೇಳಿದರು. ಒಪ್ಪಿದೆ.

ಹುಟ್ಟಿದ ಕೂಸಿಗೆ ಹೆಚ್ಚುಕಡಿಮೆ ಮುನ್ನೂರು ಮೂಳೆ. ದೊಡ್ಡವರಿಗೆ ಇನ್ನೂರ ಆರು. ಉಳಿದವು ಎಲ್ಲೂ ಕಳೆದುಹೋಗುವುದಿಲ್ಲ, ಒಂದಕ್ಕೊಂದು ಕೂಡಿಕೊಳ್ಳುತ್ತವೆ. ಕೂಸಿನ ನೆತ್ತಿಯ ಮೇಲೆ ಮೆತ್ತಗೆ ಬಡಿಯುವ ಜಾಗ ಇದೆಯಲ್ಲ, ಅಲ್ಲಿ ಬುರುಡೆಯ ಫಲಕಗಳು ಇನ್ನೂ ಕೂಡಿಲ್ಲ. ಮಂಡಿಚಿಪ್ಪು ಇನ್ನೂ ಮೂಳೆಯೇ ಆಗಿಲ್ಲ, ಮೃದ್ವಸ್ಥಿ. ನಿನ್ನ ಕಿವಿಯ ಮೇಲಂಚನ್ನು ಬಗ್ಗಿಸಿ ನೋಡು, ಹಾಗಿರುತ್ತದೆ. ತೊಡೆಮೂಳೆ ಮೈಯಲ್ಲೆಲ್ಲ ಉದ್ದನೆಯದು, ಆದರೆ ಈ ವಯಸ್ಸಿನಲ್ಲಿ ಅದರ ತಲೆಯೂ ಮೃದ್ವಸ್ಥಿಯೇ. ಎಕ್ಸ್‌ರೇಯಲ್ಲಿ ಸರಿಯಾಗಿ ಕಾಣದು, ಅದಕ್ಕೇ ಕೂಸಿಗೆ ಸ್ಕ್ಯಾನ್ ಮಾಡಿದ್ದಾರೆ.

ಸೊಂಟದ ಒಂದೊಂದು ಬದಿಯೂ ಕೂಸಿನಲ್ಲಿ ಮೂರು ತುಂಡು. ಮೂರೂ ಬಂದು ಸೇರುವ ಜಾಗವೇ ಕುಣಿ. ನಮ್ಮ ಹಿತ್ತಿಲ ಒರಳನ್ನು ನೆನಪಿಸಿಕೊ. ಗುಂಡು ಕುಣಿಯಲ್ಲಿ ಕೂತು ತಿರುಗಿದಷ್ಟೂ ಕುಣಿ ದುಂಡಗೆ, ಆಳವಾಗುತ್ತದೆ. ಕೂಸಿನ ಸೊಂಟವೂ ಹಾಗೇ. ಮೂಳೆ ಮೆತ್ತಗಿರುವಾಗ ಗುಂಡು ಒಳಗೆ ಕೂತರೆ ಕುಣಿ ಅದರ ಅಳತೆಗೆ ಬೆಳೆಯುತ್ತದೆ. ಕೂರದಿದ್ದರೆ ತಟ್ಟೆಯ ಹಾಗೆ ಚಪ್ಪಟೆ ಉಳಿಯುತ್ತದೆ. ಕಾಲು ನೆಟ್ಟಗೆ ಜೋಡಿಸಿದರೆ ಗುಂಡು ಹೊರಕ್ಕೆ ಒತ್ತುತ್ತದೆ, ಮಡಚಿ ಅಗಲಿಸಿದರೆ ಕುಣಿಗೆ ಮುಖ ಮಾಡುತ್ತದೆ. ನಿಮ್ಮ ಡಾಕ್ಟರ ಬೆಲ್ಟಿನ ಕೆಲಸ ಇಷ್ಟೇ. ವಯಸ್ಸು ಕೂಸಿನ ಕಡೆಗಿದೆ. ಧೈರ್ಯವಾಗಿರು.

ಅತ್ಯಂತ ಸಣ್ಣ ಮೂಳೆ ಕಿವಿಯೊಳಗಿದೆ, ಅಕ್ಕಿಕಾಳಿಗಿಂತ ಚಿಕ್ಕದು. ನನ್ನದು ಬಿಗಿದುಕೊಂಡಿದೆ ಅಂತ ಒಬ್ಬ ಡಾಕ್ಟರು ಹಿಂದೆ ಹೇಳಿದ್ದರು. ಅದು ಇರಲಿ.

ಮನೆಯಲ್ಲಿ ಎಲ್ಲರೂ ಅಂತ ಬರೆದಿದ್ದೀಯ. ಎಲ್ಲರೂ ಅಂದರೆ ನಾನು ಮತ್ತು ನಿನ್ನ ಅವ್ವ. ಕಾಗದ ಅವಳಿಗೆ ಓದಿ ಹೇಳಿದೆ. ನನಗೆ ಕೇಳಲೆಂದು ನಾನು ಓದುವ ಜೋರಿಗೆ ಪಕ್ಕದ ಮಕ್ತುಮ್ ಸಾಬರಿಗೂ ಕೇಳಿರುತ್ತದೆ. ನಾಲ್ಕನೇ ಪ್ರಶ್ನೆಯ ಹತ್ತಿರ ಅವಳು ಎದ್ದು ಹಿತ್ತಿಲಿಗೆ ಹೋದಳು. ಕೂಸಿಗೆ ಎರೆಯುವಾಗ ಕೂರುತ್ತಿದ್ದ ಮಣೆಯನ್ನು ಅಟ್ಟಕ್ಕೆ ಹಾಕಿದ್ದಾಳೆ. ಆ ಭಾನುವಾರ ನೀನು ಬಂದು ಹೋದಾಗಿನಿಂದ ಅವಳ ಮಾತು ಕಮ್ಮಿ. ಏನಾಯಿತು ಅಂದರೆ ಏನಿಲ್ಲ ಅಂತ ಕೈಯಾಡಿಸುತ್ತಾಳೆ.

ಇತಿ,
ಏಕಾಂತಪ್ಪ


ದಾವಣಗೆರೆ
೧೩ ಅಕ್ಟೋಬರ್ ೨೦೨೪

ಅಪ್ಪನಿಗೆ ನಮಸ್ಕಾರ.

ನಿಮ್ಮ ಕಾಗದ ಮೂರು ಸಲ ಓದಿದೆ. ಒರಳಿನ ಮಾತು ಒಂದನ್ನೇ ಹಿಡಿದುಕೊಂಡು ಈ ವಾರ ಕಳೆದಿದ್ದೇನೆ. ಡಯಾಪರ್ ಬದಲಿಸುವಾಗೆಲ್ಲ ಗುಂಡು ಕುಣಿಗೆ ಮುಖ ಮಾಡಿದೆ ಅಂದುಕೊಳ್ಳುತ್ತೇನೆ. ನಿನ್ನೆ ಬನ್ನಿ ಕೊಡಲು ಯಾರ್ಯಾರೋ ಬಂದರು. ಕೂಸನ್ನು ನೋಡಿ, "ಇದೇನವ್ವ, ಮಗೀನ ಹಿಂಗೆ ಕಟ್ಟಿ ಹಾಕೀರಿ" ಅಂದವರೇ ಎಲ್ಲ. ಪ್ರತಿ ವರ್ಷ ಅವ್ವ ಬನ್ನಿ ಕೊಟ್ಟು ಕಳಿಸುತ್ತಿದ್ದಳು. ಈ ವರ್ಷ ಹನುಮೇಶ್ ಬರಿಗೈಯಲ್ಲಿ ಬಂದರು.

ಆ ಭಾನುವಾರ ಏನಾಯಿತೆಂದು ಕೇಳಿದ್ದೀರಿ. ನೀವು ಅಲ್ಲೇ ಕಟ್ಟೆಯ ಮೇಲೆ ಕೂತು ಮೆಕ್ಕೆಜೋಳ ಬಿಡಿಸುತ್ತಿದ್ದಿರಿ. ನಮ್ಮಿಬ್ಬರ ಬಾಯಿ ಆಡುವುದು ನೋಡಿ ನಕ್ಕಿರಿ ಕೂಡ. ನಾನು ಅವ್ವನಿಗೆ ಹೇಳಿದ್ದು ಇದು: "ನನ್ನ ಮಗಳ ಕಾಲು ಕಿತ್ತೋಳು ನೀನೇ. ಇನ್ನು ನನ್ನ ಕೂಸನ್ನ ಮುಟ್ಟಬ್ಯಾಡ." ಅವ್ವ ಕೈಯಲ್ಲಿದ್ದ ಎಣ್ಣೆ ಬಟ್ಟಲು ಕೆಳಗಿಟ್ಟು ಕೈ ಒರೆಸಿಕೊಂಡಳು. ಅಷ್ಟೇ. ನಾನು ಬಸ್ಸು ಹತ್ತಿ ಬಂದೆ.

ಡಾಕ್ಟರ ನಾಲ್ಕನೇ ಪ್ರಶ್ನೆಗೆ ನಾನು ಕೊಟ್ಟ ಉತ್ತರ, ನಮ್ಮ ತಾಯಿ ಕಟ್ಟುತ್ತಿದ್ದರು ಅಂತ.

ಹೇಳಿದ್ದು ಸುಳ್ಳಲ್ಲ ಅಪ್ಪ. ಎರೆದು, ಲೋಬಾನದ ಹೊಗೆ ಹಾಕಿ, ಹಳೇ ಧೋತರದ ಪಟ್ಟಿಯಲ್ಲಿ ಸೊಂಟದಿಂದ ಪಾದದವರೆಗೆ ಸುತ್ತಿ ಗಂಟು ಹಾಕುತ್ತಿದ್ದಳು, ನೀವೂ ನೋಡಿದ್ದೀರಿ. ಆದರೂ ನನಗೆ ಸಮಾಧಾನವಿಲ್ಲ. ಇಪ್ಪತ್ತೆರಡಕ್ಕೆ ಇನ್ನು ಒಂಬತ್ತು ದಿನ.

ನಿಮ್ಮ
ಆಶಾ


ಹರಿಹರ
೧೭ ಅಕ್ಟೋಬರ್ ೨೦೨೪

ಚಿ. ಆಶಾಗೆ,

ಕಾಗದ ಓದುತ್ತ ಆ ಸಾಲು ಬಂದಾಗ ನಾನು ನಿಲ್ಲಿಸಿದೆ. ಅವಳು ಮುಂದೆ ಓದಿ ಅಂತ ಸನ್ನೆ ಮಾಡಿದಳು. ಓದಿದೆ. ಆಮೇಲೆ ಅವಳು ನನ್ನ ಬಲಗಿವಿಯ ಹತ್ತಿರ ಬಂದು ಕೂತು ಮಾತಾಡಿದಳು. ಮದುವೆಯಾಗಿ ಮೂವತ್ತೊಂದು ವರ್ಷದಲ್ಲಿ ನಾನು ಕೇಳದ ಮಾತು. ಅವಳು ಅಂದ ಹಾಗೇ ಬರೆಯುತ್ತೇನೆ.

"ಕಡರನಾಯಕನಹಳ್ಳಿಯಾಗೆ ನಾನು ಹುಟ್ಟಿದಾಗ ಭತ್ತದ ನಾಟಿ ನಡೆದಿತ್ತು. ನಮ್ಮವ್ವ ಹದಿನೈದು ದಿನಕ್ಕೇ ಗದ್ದಿಗೆ ಇಳಿದ್ಲು. ನಂಗೆ ಯಾರೂ ನೆಟ್ಟಗೆ ಎರೀಲಿಲ್ಲ, ಯಾರೂ ಕಾಲು ಕಟ್ಟಲಿಲ್ಲ. ಅದಕ್ಕೇ ಈ ಕಾಲು ಹಿಂಗೆ ಉಳೀತು ಅಂತ ಊರೆಲ್ಲ ಅಂದ್ರು. ಕುಂಟಿ ಓಬಿ ಅಂತ ಕರೆದ್ರು. ಆಶಾಗೆ ಕಟ್ಟಿದೆ, ಅವಳು ನೆಟ್ಟಗೆ ನಡೆದ್ಲು. ಕಟ್ಟಿದ್ದಕ್ಕೇ ನಡೆದ್ಲು ಅಂದ್ಕಂಡೆ. ಮೊಮ್ಮಗಳಿಗೆ ಇನ್ನೂ ಒಂದು ಸುತ್ತು ಬಿಗಿ ಕಟ್ಟಿದೆ."

ಇಷ್ಟು ಹೇಳಿ ಅಕ್ಕಿ ಆರಿಸಲು ಹೋದಳು.

ನಾನು ಮೂವತ್ತು ವರ್ಷ, ಮೇಷ್ಟ್ರು ಪಾಠ ಹೇಳುವಾಗ, ಮಕ್ಕಳಿಗೆ ಕೋಲಿನಿಂದ ಸೊಂಟ ತೋರಿಸಿದವನು. ಎಡ, ಬಲ, ಕುಣಿ, ಗುಂಡು. ಸಂಜೆ ಮನೆಗೆ ಬಂದು, ಎಡಕ್ಕೆ ವಾಲಿ ನಡೆಯುವವಳ ಕೈಯಿಂದ ಚಹಾ ತೆಗೆದುಕೊಂಡು ಕುಡಿದೆ. ಅವಳ ನಡಿಗೆಯೇ ಹಾಗೆ ಅಂದುಕೊಂಡಿದ್ದೆ. ಸಂತೆಗೆ ಹೋದರೆ ಅವಳಿಗಿಂತ ನಾಲ್ಕು ಹೆಜ್ಜೆ ಮುಂದೇ ನಡೆದೆ.

ಮಕ್ತುಮ್ ಸಾಬರು ಬೆಳಿಗ್ಗೆ ಕಾಂಪೌಂಡಿನ ಮೇಲಿಂದ ಕೂಸಿನ ಸೊಂಟ ಹೆಂಗೈತ್ರಿ ಅಂತ ಕೈಸನ್ನೆಯಲ್ಲಿ ಕೇಳಿದರು. ಎಲ್ಲರಿಗೂ ಇಪ್ಪತ್ತೆರಡರದೇ ಧ್ಯಾನ.

ಏಕಾಂತಪ್ಪ


ದಾವಣಗೆರೆ
೨೦ ಅಕ್ಟೋಬರ್ ೨೦೨೪

ಅಪ್ಪ,

ಈ ಕಾಗದವನ್ನು ಅವ್ವನಿಗೆ ಓದಿ. ಒಂದು ಸಾಲನ್ನೂ ಬಿಡಬೇಡಿ, ದನಿಯನ್ನೂ ತಗ್ಗಿಸಬೇಡಿ. ಮಕ್ತುಮ್ ಸಾಬರಿಗೆ ಕೇಳಿದರೂ ಸರಿ.

ಹತ್ತನೇ ವಾರದ ಸೂಜಿಗೆ ಹನುಮೇಶ್ ಜೊತೆ ನಾನೊಬ್ಬಳೇ ಬಂದಿದ್ದೆ, ಅವ್ವ ಮನೆಯಲ್ಲಿದ್ದಳು. ಅವತ್ತು ರುಕ್ಸಾನಾ ಸಿಸ್ಟರ್ ಕೂಸಿನ ಸುತ್ತು ಬಿಚ್ಚುತ್ತ ನನಗೆ ಹೇಳಿದ್ದರು: "ಕಾಲು ಹಿಂಗೆ ನೆಟ್ಟಗೆ ಕಟ್ಟಬ್ಯಾಡ್ರಿ ಅಕ್ಕ. ಸಡ್ಲ ಬಿಡ್ರಿ, ಕಪ್ಪಿ ಹಂಗೆ ಮಡಚಿಕೊಂಡು ಇರ್ಲಿ." ನಾನು ಹ್ಞೂಂ ಅಂದೆ. ನನಗೆ ಅರ್ಥವಾಗಿತ್ತು.

ಹರಿಹರಕ್ಕೆ ಬಂದು ಅವ್ವನಿಗೆ ಹೇಳಲಿಲ್ಲ. ಯಾಕೆಂದರೆ ಬಿಗಿಯಾಗಿ ಕಟ್ಟಿದ ದಿನ ಕೂಸು ನಾಲ್ಕು ತಾಸು ಮಲಗುತ್ತಿತ್ತು. ಸಡಿಲ ಬಿಟ್ಟರೆ ಅರ್ಧ ತಾಸಿಗೆ ಬೆಚ್ಚಿ ಏಳುತ್ತಿತ್ತು. ನನಗೆ ಆ ನಾಲ್ಕು ತಾಸು ಬೇಕಾಗಿತ್ತು. ಬಾಣಂತನದ ಮೂರು ತಿಂಗಳು ತುಂಬಿಸಿಕೊಂಡು ಇಲ್ಲಿಗೆ ಬಂದ ಮೇಲೆ ಕಟ್ಟಿದ್ದು ನಾನೇ. ಅವ್ವ ಕೂಸಿನ ಮುಖ ನೋಡಿ ಗಂಟು ಹಾಕುತ್ತಿದ್ದಳು. ನಾನು ಗಡಿಯಾರ ನೋಡಿ ಹಾಕಿದೆ, ಅವಳಿಗಿಂತ ಬಿಗಿಯಾಗಿ. ಡಾಕ್ಟರು ಯಾರು ಕಟ್ಟುತ್ತಿದ್ದರು ಅಂತ ಕೇಳಲೇ ಇಲ್ಲ. ಕಟ್ಟುತ್ತಿದ್ದಿರೇ ಅಂತ ಮಾತ್ರ ಕೇಳಿದ್ದು. ನಮ್ಮ ತಾಯಿ ಅನ್ನುವುದನ್ನು ಸೇರಿಸಿದವಳು ನಾನು. ಆಗ ರುಕ್ಸಾನಾ ಸಿಸ್ಟರ್ ಅಲ್ಲೇ ನಿಂತಿದ್ದರು. ಒಮ್ಮೆ ನನ್ನ ಮುಖ ನೋಡಿ, ಕೂಸಿನ ಬಟ್ಟೆ ಸರಿಮಾಡತೊಡಗಿದರು.

ಇನ್ನೊಂದು. ಮನೆತನದಲ್ಲಿ ಕುಂಟುವವರಿಲ್ಲ ಅಂದೆನಲ್ಲ, ಅದನ್ನು ಮರೆಮಾಚಿ ಹೇಳಿದ್ದಲ್ಲ. ನಿಮ್ಮ ಕಾಗದ ಓದುವವರೆಗೂ ಅವ್ವ ಕುಂಟುತ್ತಾಳೆ ಅನ್ನುವುದು ನನಗೆ ಹೊಳೆದೇ ಇರಲಿಲ್ಲ. ಅದು ಅವ್ವ ನಡೆಯುವ ರೀತಿ, ಅಷ್ಟೇ.

ನನ್ನನ್ನು ಏನಾದರೂ ಅನ್ನಲಿ. ಸುಮ್ಮನಿರುವುದು ಬೇಡ ಅಂತ ಹೇಳಿ.

ಆಶಾ


ದಾವಣಗೆರೆ
೨೩ ಅಕ್ಟೋಬರ್ ೨೦೨೪

ಅಪ್ಪನಿಗೆ,

ನಿನ್ನೆ ಸ್ಕ್ಯಾನ್ ಆಯಿತು. ಪೂರ್ತಿ ಕೂತಿಲ್ಲ. ಆದರೆ ಕುಣಿಯ ಅಂಚಿಗೆ ಬಂದಿದೆ, ಮುಖ ಒಳಗಡೆಗಿದೆ. ಡಾಕ್ಟರು ಬೆಲ್ಟಿನ ಮುಂದಿನ ಪಟ್ಟಿಯನ್ನು ಒಂದು ತೂತು ಬಿಗಿ ಮಾಡಿ ಇನ್ನೆರಡು ವಾರ ಕೊಟ್ಟಿದ್ದಾರೆ. ನವೆಂಬರ್ ಐದು. ಅದೇ ಕೊನೆ, ಆಮೇಲೆ ಪ್ಲಾಸ್ಟರೇ.

ಅವರಿಗೆ ಎಲ್ಲ ಹೇಳಿದೆ, ನಾನೂ ಕಟ್ಟಿದ್ದನ್ನು ಸೇರಿಸಿ. ಬೈಯಲಿಲ್ಲ. ತಲೆ ಮೇಲಾಗಿ ಕೂತ ಚೊಚ್ಚಲು ಹೆಣ್ಣು, ಕುಣಿ ಮೊದಲೇ ಆಳವಿರಲಿಕ್ಕಿಲ್ಲ. ಕಟ್ಟಿದ್ದು ಅದಕ್ಕೆ ಕೂಡಿತು, ಇಂತಿಷ್ಟು ಇದರಿಂದ ಅಂತ ತೂಗಿ ಹೇಳಲು ಬರುವುದಿಲ್ಲ ಅಂದರು. ಅವ್ವನ ವಿಷಯ ಕೇಳಿ ಪೆನ್ನು ಕೆಳಗಿಟ್ಟರು. ಐದನೇ ತಾರೀಕು ಅವರನ್ನೂ ಕರೆತನ್ನಿ, ನೋಡುತ್ತೇನೆ ಅಂದಿದ್ದಾರೆ.

ನನ್ನ ಹಿಂದಿನ ಕಾಗದ ಓದಿದಿರೋ ಇಲ್ಲವೋ ತಿಳಿಯಲಿಲ್ಲ. ಹನುಮೇಶರನ್ನು ಕೇಳಿದರೆ, "ಕೊಟ್ಟೆ, ಇಸಕೊಂಡ್ರು" ಅನ್ನುತ್ತಾರೆ.

ಆಶಾ


ಹರಿಹರ
೩ ನವೆಂಬರ್ ೨೦೨೪

ಚಿ. ಆಶಾಗೆ,

ಇದು ನಿನ್ನ ಅವ್ವ ಹೇಳಿ ಬರೆಸುತ್ತಿರುವುದು. ನನ್ನ ಕಿವಿಯಲ್ಲಿ ಕೂಗುತ್ತಾಳೆ, ನಾನು ಬರೆದುಕೊಳ್ಳುತ್ತೇನೆ. ಸುಧಾರಿಸಿ ಬರೆಯಬೇಡಿ ಅಂತ ಕರಾರು ಹಾಕಿದ್ದಾಳೆ. — ಏಕಾಂತಪ್ಪ

ಆಶಾ, ನಿನ್ನ ಕಾಗದ ಓದಿದ್ರು. ಓಣಿಗೆಲ್ಲ ಕೇಳೋ ಹಂಗೆ ಓದಿದ್ರು. ಎರಡು ವಾರ ನಾನು ಬಾಯಿ ಬಿಡಲಿಲ್ಲ. ಸಿಟ್ಟು ಬಂದಿತ್ತು. ಆ ನರ್ಸಮ್ಮ ಹೇಳಿದ್ದನ್ನ ನಂಗೆ ಒಂದು ಮಾತು ಹೇಳಿದ್ರೆ ನಾನು ಬಿಚ್ಚತಿರಲಿಲ್ಲೇನು? ನಾನೇನು ಕಲ್ಲೇನು? ಬಿಚ್ಚಿ, ಕೂಸನ್ನ ನನ್ನ ಕಾಲ ಮ್ಯಾಲೆ ಹಾಕ್ಕಂಡು ಕುಂದ್ರತಿದ್ದೆ. ನೀನು ಮಲಗಬೌದಿತ್ತು. ಅದನ್ನ ನೀನು ಕೇಳಲಿಲ್ಲ, ಅದೊಂದು ನಂಗೆ ಸಂಕಟ. ನಿದ್ದಿಗೆ ಆಸೆಪಟ್ಟಿದ್ದು ತಪ್ಪಲ್ಲ. ಹಸಿ ಬಾಣಂತಿಗೆ ನಿದ್ದಿ ಬ್ಯಾಡ ಅಂದೋರು ಯಾರು?

ನೀನು ನನ್ನ ಅಂದಿದ್ದು ಅಂದೆ. ನೋವಾತು. ಹೋಗ್ಲಿ ಬಿಡು.

ನಿನ್ನ ಕಾಗದದಾಗೆ ಒಂದು ಮಾತು ಐತಲ್ಲ, ಡಾಕ್ಟ್ರು ಕೇಳಿದಾಗ ಯಾರೂ ಕುಂಟೋರಿಲ್ಲ ಅಂದೆ ಅಂತ. ಅದನ್ನ ನಾನು ಇವರ ಕೈಲಿ ಎರಡು ಸಲ ಓದಿಸಿದೆ. ಇದ್ದ ಊರಾಗೆ, ಬಂದ ಊರಾಗೆ ಎಲ್ಲರ ಕಣ್ಣೂ ಮೊದಲು ನನ್ನ ಕಾಲಿಗೇ ಹೋಗೋದು. ನನ್ನ ಹೊಟ್ಟಿಯಾಗೆ ಹುಟ್ಟಿದೋಳು ಅದನ್ನ ನೋಡೇ ಇಲ್ಲ ಅಂದ್ರೆ, ಇಷ್ಟು ವರ್ಷ ನಾನು ನಿನ್ನ ಮುಂದೆ ನೆಟ್ಟಗೇ ನಡೆದೀನಿ.

ಐದನೇ ತಾರೀಕು ಬರ್ತೀನಿ. ಹನುಮೇಶಪ್ಪ ಕರಕಂಡು ಹೋಗಾಕೆ ಬರ್ತಾನಂತೆ, ಅವನ ಜೊತೆ ಮುಂಜಾನಿ ಬಸ್ಸಿಗೆ. ನಿಮ್ಮಪ್ಪಗೆ ಆ ಗುಡ್ಡಪ್ಪನ ತಂತಿ ಕಟ್ಟೋ ಕೆಲಸ ಐತಂತೆ, ಬರಾಂಗಿಲ್ಲ. ಎರೆಯಾಕೆ ಬಿಡದಿದ್ರೆ ಬ್ಯಾಡ, ನೆತ್ತಿಗೆ ಎಣ್ಣಿ ಹಚ್ಚಾಕೆ ಬಿಡಬೇಕು. ಇಲ್ಲ ಅಂದ್ರೆ ಅಲ್ಲೇ ಜಗಳ ಮಾಡ್ತೀನಿ.

ಓಬವ್ವ


ದಾವಣಗೆರೆ
೭ ನವೆಂಬರ್ ೨೦೨೪

ಅಪ್ಪನಿಗೆ ನಮಸ್ಕಾರ.

ಹನುಮೇಶ್ ನಿಮಗೆ ಸನ್ನೆ ಮಾಡಿ ತಿಳಿಸಿದ್ದಾರಂತೆ, ಮುಷ್ಟಿಯನ್ನು ಅಂಗೈಯಲ್ಲಿ ಕೂರಿಸಿ ತೋರಿಸಿದೆ ಅಂದರು. ಹೌದು. ಕೂತಿದೆ. ಕುಣಿ ಇನ್ನೂ ಮೇಲುಮೇಲಕ್ಕಿದೆ, ಆಳವಾಗಬೇಕು. ಬೆಲ್ಟು ಇನ್ನೂ ಕೆಲವು ವಾರ ಇರುತ್ತದೆ, ಆಮೇಲೆ ಎಕ್ಸ್‌ರೇ, ನಡೆಯುವವರೆಗೂ ನೋಡುತ್ತಲೇ ಇರಬೇಕು. ಪ್ಲಾಸ್ಟರ್ ಬೇಡ ಅಂದರು. ನಾನು ಅಲ್ಲೇ ಅತ್ತೆ.

ಅವ್ವನ ಎಕ್ಸ್‌ರೇ ಕೂಡ ತೆಗೆದರು. ಬೆಳಕಿನ ಹಲಗೆಗೆ ಹಾಕಿ ತೋರಿಸಿದಾಗ ನಿಮ್ಮನ್ನೇ ನೆನೆದೆ. ಎಡಗಡೆಯ ಕುಣಿ ನೀವು ಬರೆದ ಹಾಗೇ ತಟ್ಟೆಯಷ್ಟು ಚಪ್ಪಟೆ, ಖಾಲಿ. ಗುಂಡು ಎರಡು ಬೆರಳು ಮೇಲೆ ಹೋಗಿ, ಸೊಂಟದ ಮೂಳೆಯ ಬದಿಯಲ್ಲೇ ಉಜ್ಜಿ ಉಜ್ಜಿ ತನಗೊಂದು ಸಣ್ಣ ಕುಣಿ ತೋಡಿಕೊಂಡಿದೆ. ಇದು ಹುಟ್ಟಿನಿಂದಲೇ ಬಂದದ್ದು ಅಂದರು ಡಾಕ್ಟರು. ಯಾರೂ ಕಟ್ಟದೇ ಇದ್ದದ್ದರಿಂದ ಆದದ್ದಲ್ಲ ಅಂತ ಎರಡು ಸಲ ಹೇಳಿದರು. ಅವ್ವ ಹಲಗೆಯ ಹತ್ತಿರ ಹೋಗಿ ನೋಡಿದಳು. "ಹಂಗಾರೆ ನಮ್ಮವ್ವನ ತಪ್ಪಲ್ಲ," ಅಂದಳು. ಆಮೇಲೆ, ಇದನ್ನು ಈಗ ಕೂರಿಸಲು ಬರುವುದಿಲ್ಲವಾ ಅಂತ ಕೇಳಿದಳು. ಕೀಲು ಬದಲಿಸುವ ದಾರಿಯಿದೆ, ನೋವು ಹೆಚ್ಚಾದರೆ ನೋಡೋಣ ಅಂದರು. "ಇರ್ಲಿ ಬಿಡ್ರಿ, ಅದು ಅಲ್ಲೇ ಮನಿ ಮಾಡ್ಕಂಡೈತೆ," ಅಂದು ಸೆರಗು ಸರಿಮಾಡಿಕೊಂಡಳು.

ರುಕ್ಸಾನಾ ಸಿಸ್ಟರ್ ನಮ್ಮನ್ನು ಪಕ್ಕಕ್ಕೆ ಕರೆದು, ಕೂಸನ್ನು ಎತ್ತುವ ಬಗೆ ತೋರಿಸಿದರು. ತೋಳಲ್ಲಿ ಅಡ್ಡ ಮಲಗಿಸಿ ಕಾಲು ಜೋಡಿಸಬಾರದು, ಹಳ್ಳಿಯಲ್ಲಿ ಮಾಡುವ ಹಾಗೆ ಸೊಂಟದ ಮೇಲೆ ಕಾಲಗಲಿಸಿ ಕೂರಿಸಿಕೊಳ್ಳಬೇಕು, ಬೆನ್ನಿಗೆ ಕೈ ಕೊಡಬೇಕು, ಅದಕ್ಕಿಂತ ಒಳ್ಳೆಯದಿಲ್ಲ ಅಂದರು. ಹಾಗೆ ಅಂದು ಕೂಸನ್ನು ಅವ್ವನ ಕಡೆ ಚಾಚಿದರು. ಅವ್ವ ಹಿಂದೆ ಸರಿದಳು. "ನಾನು ಇವಳನ್ನೂ ಹಂಗೆ ಎತ್ತಿದೋಳಲ್ಲಮ್ಮ. ಬೀಳ್ತೀನಿ ಅಂತ ಹೆದರಿಕಿ. ಇವರಪ್ಪನೇ ಎತ್ತತಿದ್ರು."

ನಾನು ಕೂಸನ್ನು ಇಸಕೊಂಡು ಅವ್ವನ ಸೊಂಟದ ಮೇಲೆ ಕೂರಿಸಿದೆ. ಅವ್ವನ ಎಡಗಡೆ ಸೊಂಟ ಹೊರಗೆ ಚಾಚಿಕೊಂಡಿರುವುದರಿಂದ ಅಲ್ಲೊಂದು ಮಣೆ ಹಾಕಿದಂತಿದೆ. ಕೂಸು ಜಾರಲಿಲ್ಲ. ಅವ್ವ ಒಂದು ಕೈಯಲ್ಲಿ ಗೋಡೆ ಹಿಡಿದಳು. ನಾಲ್ಕು ಹೆಜ್ಜೆ ಆದ ಮೇಲೆ ಬಿಟ್ಟಳು.

ಎರಡು ದಿನದಿಂದ ಅವ್ವ ಇಲ್ಲೇ ಇದ್ದಾಳೆ. ನೆತ್ತಿಗೆ ಎಣ್ಣೆ ಹಚ್ಚಿ ಕೂಸಿನ ಹಣೆಯೆಲ್ಲ ಜಿಡ್ಡು ಮಾಡಿದ್ದಾಳೆ. ಬೆಲ್ಟಿಗೆ ಮಾತ್ರ ಒಂದು ಹನಿ ತಾಗಿಸಿಲ್ಲ. ನಿಮ್ಮ ಕಿವಿಯ ಅಕ್ಕಿಕಾಳಿನ ಮೂಳೆಯನ್ನು ನೋಡುವವರು ಅದೇ ಆಸ್ಪತ್ರೆಯ ಮೇಲಿನ ಮಹಡಿಯಲ್ಲಿದ್ದಾರೆ. ಗುಡ್ಡಪ್ಪನ ತಂತಿ ಮುಗಿದ ಮೇಲೆ ನೀವು ಬರಬೇಕು, ಇದು ಅವ್ವನ ಆಜ್ಞೆ.

ಈಗ ಮಧ್ಯಾಹ್ನ ಮೂರು ಗಂಟೆ. ಅವ್ವ ಕೂಸನ್ನು ಸೊಂಟದ ಮೇಲೆ ಕೂರಿಸಿಕೊಂಡು ಪಡಸಾಲೆಯಲ್ಲಿ ಓಡಾಡುತ್ತಿದ್ದಾಳೆ. ಒಂದು ಹೆಜ್ಜೆ ಭಾರ, ಒಂದು ಹಗುರ. ಒಂದೊಂದು ಹೆಜ್ಜೆಗೂ ಕೂಸು ತೊಟ್ಟಿಲಿನಲ್ಲಿದ್ದ ಹಾಗೆ ತೂಗುತ್ತದೆ. ಅದಕ್ಕೆ ನಿದ್ದೆ ಹತ್ತಿದೆ, ಬೆಲ್ಟಿನಲ್ಲಿ ಇದುವರೆಗೂ ಹೀಗೆ ಮಲಗಿರಲಿಲ್ಲ. ನಾನು ಚಿಕ್ಕವಳಿದ್ದಾಗ ಅಡುಗೆಮನೆಯಿಂದ ಹಿತ್ತಿಲಿಗೆ ಈ ಸಪ್ಪಳ ಹೋಗಿ ಬರುವುದನ್ನು ಕೇಳುತ್ತಲೇ ನಿದ್ದೆಹೋಗುತ್ತಿದ್ದೆ. ನಿಮಗೆ ಕೇಳದಲ್ಲ, ಅದಕ್ಕೇ ಬರೆದೆ.

ಅವ್ವ ಬಾಗಿಲಲ್ಲಿ ನಿಂತು, ಬರೆದಿದ್ದು ಸಾಕು, ಮಲಗು ಅನ್ನುತ್ತಿದ್ದಾಳೆ. ಮಲಗುತ್ತೇನೆ ಅಪ್ಪ.

ನಿಮ್ಮ
ಆಶಾ